ವೃತ್ತಿ: ಚಾಲಕ

ವೀಸಾ ಅರ್ಜಿಯಲ್ಲಿ ‘ಈಗಿನ ವೃತ್ತಿ’ ಎಂಬ ಖಾನೆ ಬಂದಾಗ ನಾನು ಹೆಚ್ಚು ಯೋಚಿಸದೆ ‘ನಿವೃತ್ತ ಸರ್ಕಾರಿ ನೌಕರ’ ಅಂತ ಟೈಪ್ ಮಾಡಿದೆ. ನಾನಿದ್ದದ್ದು ಇಟಲಿಯ ಜಿನೋವಾದ ಬಾಡಿಗೆ ಕೋಣೆಯಲ್ಲಿ, ಅಪ್ಪ ಹಾಸನದ ಮನೆಯಲ್ಲಿ. ವಿಡಿಯೊ ಕಾಲ್‌ನಲ್ಲಿ ಅರ್ಜಿಯನ್ನು ಓದಿ ಹೇಳುತ್ತಿದ್ದೆ.

‘ನಾನು ಸರ್ಕಾರಿ ನೌಕರ ಅಲ್ಲ ಕಣಮ್ಮ, ನಿಗಮದ ನೌಕರ. ಡ್ರೈವರ್ ಅಂತಲೇ ಹಾಕು. ಸುಳ್ಳು ಬರೆದ್ರೆ ವೀಸಾ ಕೊಡಲ್ವಂತೆ’ ಎಂದು ಅಪ್ಪ ನಕ್ಕರು.

ನನಗೆ ನಗು ಬರಲಿಲ್ಲ. ಬೆಂಗಳೂರಿನ ಕಾಲೇಜು ಸೇರಿದ ದಿನದಿಂದಲೂ ನಾನು ಇದೇ ಮಾತು ಹೇಳಿಕೊಂಡು ಬಂದವಳು. ‘ಅಪ್ಪ ಏನ್ಮಾಡ್ತಾರೆ?’ ಅಂತ ಯಾರಾದರೂ ಕೇಳಿದರೆ ‘ಸಾರಿಗೆ ಇಲಾಖೇಲಿದ್ದಾರೆ’ ಎನ್ನುತ್ತಿದ್ದೆ. ಹೀಗೆಂದರೆ ಕೇಳಿದವರು ಆಫೀಸು, ಫೈಲು, ಮೇಜು ಕಲ್ಪಿಸಿಕೊಳ್ಳುತ್ತಿದ್ದರು. ಹಾಸನ–ಮಂಗಳೂರು ಬಸ್ಸಿನ ಸೀಟಿನಲ್ಲಿ ಖಾಕಿ ತೊಟ್ಟು ಕೂತು, ಮಳೆಗಾಲದಲ್ಲೂ ಶಿರಾಡಿ ಘಾಟಿ ಇಳಿಸುತ್ತಿದ್ದ ಮನುಷ್ಯ ಯಾರಿಗೂ ಕಾಣುತ್ತಿರಲಿಲ್ಲ.

ಅಳಿಸಿ ‘ನಿವೃತ್ತ ಬಸ್ ಚಾಲಕ’ ಅಂತ ಬರೆದೆ.

ನಾನು ಸ್ನಾತಕೋತ್ತರ ಪದವಿಗೆ ಇಲ್ಲಿಗೆ ಬರಲು ಸಾಧ್ಯವಾದದ್ದೂ ಅಪ್ಪನ ಸಂಬಳದ ಚೀಟಿಯಿಂದಲೇ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ನಿಗದಿ ಮಾಡುತ್ತಾರೆ. ಆದಾಯ ಕಡಿಮೆಯಿದ್ದವರಿಗೆ ಪ್ರಾದೇಶಿಕ ಸರ್ಕಾರದ ವಿದ್ಯಾರ್ಥಿವೇತನವೂ ಸಿಗುತ್ತದೆ. ವಿದ್ಯಾರ್ಥಿ ಪರವಾನಗಿ ಇದ್ದವರು ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಹಾಗೆ ಎರಡು ವರ್ಷ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಅಪ್ಪ–ಅಮ್ಮನಿಗೆ ಐದು ದಿನ ಕಾರಿನಲ್ಲಿ ಇಟಲಿಯ ಕಡಲತೀರ ತೋರಿಸಬೇಕು ಅನ್ನುವುದು ನನ್ನ ಆಸೆ. ವಿಮಾನದ ಟಿಕೆಟ್ ಅಪ್ಪನದು, ಉಳಿದದ್ದೆಲ್ಲ ನನ್ನದು ಅಂತ ಒಪ್ಪಂದವಾಯಿತು.

ಮೊದಲು ನನ್ನ ಕಣ್ಣು ಹೋದದ್ದು ಅಮಾಲ್ಫಿ ತೀರದ ಮೇಲೆ. ಬಂಡೆಗೆ ಅಂಟಿಕೊಂಡ ಬಣ್ಣದ ಮನೆಗಳು, ಕೆಳಗೆ ನೀಲಿ ಸಮುದ್ರ. ರೀಲ್ಸ್‌ಗಳಲ್ಲಿ ನೀವೂ ನೋಡಿರುತ್ತೀರಿ. ಆದರೆ ಅದು ನೇಪಲ್ಸ್‌ನ ಆಚೆ, ಜಿನೋವಾದಿಂದ 700 ಕಿಲೋಮೀಟರಿಗೂ ದೂರ. ಅಲ್ಲಿನ ರಸ್ತೆ ಎಷ್ಟು ಇಕ್ಕಟ್ಟೆಂದರೆ, ಜನಸಂದಣಿಯ ದಿನಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಒಂದು ದಿನ ಬಿಟ್ಟು ಒಂದು ದಿನ ಗಾಡಿ ಬಿಡುತ್ತಾರೆ. ಬಾಡಿಗೆ ಕಾರಿಗೆ ಯಾವ ನಂಬರ್ ಬರುತ್ತದೆಂದು ಮೊದಲೇ ಗೊತ್ತಾಗುವುದಿಲ್ಲವಲ್ಲ! ಆಸೆ ಕೈಬಿಟ್ಟೆ. ನಾನಿದ್ದ ಲಿಗೂರಿಯಾದ ತೀರವನ್ನೇ ತೋರಿಸೋಣ ಎಂದುಕೊಂಡೆ. ಜಿನೋವಾದಿಂದ ಕಮೊಲ್ಲಿ, ಸೆಸ್ತ್ರಿ ಲೆವಾಂತೆ, ಲಾ ಸ್ಪೆಜಿಯಾ, ಲೆರಿಚಿ, ಕೊನೆಗೆ ಪೀಸಾ. ಹೆದ್ದಾರಿಯಲ್ಲೇ ಹೋದರೆ ಒಟ್ಟು 170 ಕಿಲೋಮೀಟರ್ ಆಸುಪಾಸು.

ಕಾರು ಓಡಿಸುವುದು ನಾನೇ ಅಂದುಕೊಂಡಿದ್ದೆ. ಊರಲ್ಲಿ ಹತ್ತೊಂಬತ್ತಕ್ಕೇ ಲೈಸೆನ್ಸ್ ತೆಗೆದವಳು. ಬುಕಿಂಗ್ ಮಾಡುವ ಹೊತ್ತಿಗೆ ಒಂದು ಸಾಲು ಕಣ್ಣಿಗೆ ಬಿತ್ತು. ಇಟಲಿಯಲ್ಲಿ ನಿವಾಸಿ ಅಂತ ನೋಂದಣಿಯಾಗಿ ಒಂದು ವರ್ಷ ದಾಟಿದರೆ ಭಾರತದ ಲೈಸೆನ್ಸ್ ನಡೆಯುವುದಿಲ್ಲ. ಕೆಲವು ದೇಶದವರು ತಮ್ಮ ಲೈಸೆನ್ಸನ್ನು ಇಟಲಿಯದಕ್ಕೆ ಬದಲಿಸಿಕೊಳ್ಳಬಹುದು, ನಮಗೆ ಆ ಒಪ್ಪಂದವಿಲ್ಲ. ಇಟಾಲಿಯನ್ ಭಾಷೆಯಲ್ಲಿ ಲಿಖಿತ ಪರೀಕ್ಷೆ ಬರೆದು, ಮತ್ತೆ ಹೊಸದಾಗಿ ಓಡಿಸಿ ತೋರಿಸಬೇಕು. ಎರಡು ವರ್ಷದಿಂದ ಇಲ್ಲೇ ಇರುವ ನಾನು ಓಡಿಸುವಂತಿಲ್ಲ. ನಿನ್ನೆ ಬಂದಿಳಿದ ಪ್ರವಾಸಿ ಓಡಿಸಬಹುದು.

ಫೋನಿನಲ್ಲಿ ಸಪ್ಪೆ ದನಿಯಲ್ಲಿ ಹೇಳಿದೆ. ಆ ಕಡೆ ಎರಡು ಕ್ಷಣ ಮೌನ. ಆಮೇಲೆ ಅಪ್ಪ, ‘ಹಂಗಾದ್ರೆ ನಾನು ಓಡಿಸಬೋದಾ?’ ಎಂದರು. ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಅವರ ದನಿಯಲ್ಲಿ ಅಂಥ ಉಮೇದು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಯೋಜನೆಯ ಜವಾಬ್ದಾರಿ ಅರ್ಧ ಅಪ್ಪನ ಕೈಗೆ ಹೋಯಿತು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಹಾಕಿದರು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಇದೊಂದನ್ನೇ ಹಿಡಿದುಕೊಂಡು ಬಂದರೆ ಸಾಲದು, ನಮ್ಮ ಮೂಲ ಲೈಸೆನ್ಸೂ ಜೊತೆಗಿರಬೇಕು. ಷೆಂಗನ್ ವೀಸಾಕ್ಕೆ ತಲಾ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಬರುವುದಿಲ್ಲ. ಹಾಗಾಗಿ ಒಂದೊಂದು ಕಾಗದವನ್ನೂ ಮೂರು ಸಲ ನೋಡಿ ಕಳಿಸಿದೆವು.

ಎಡವಿದ್ದು ಮಾತ್ರ ನಾವು ಊಹಿಸದ ಕಡೆ. ಕಾರು ಬಾಡಿಗೆ ಕಂಪನಿಯ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಠೇವಣಿ ಮೊತ್ತವನ್ನು ತಡೆಹಿಡಿಯಲು ಕ್ರೆಡಿಟ್ ಕಾರ್ಡ್ ಬೇಕು, ಅದು ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಡೆಬಿಟ್ ಕಾರ್ಡ್ ಆಗದು, ಮಗಳ ಕಾರ್ಡೂ ಆಗದು. ಜೀವಮಾನದಲ್ಲಿ ಸೊಸೈಟಿ ಸಾಲ ಬಿಟ್ಟು ಬೇರೆ ಸಾಲ ಮಾಡದ ಅಪ್ಪನಿಗೆ ‘ಸಾಲದ ಕಾರ್ಡ್’ ಎಂದರೇ ಭಯ. ಸಂಬಳವಿಲ್ಲದ ನಿವೃತ್ತರಿಗೆ ಬ್ಯಾಂಕು ಕೊಡುವುದೂ ಕಷ್ಟ. ಕೊನೆಗೆ ದಾರಿ ತೋರಿಸಿದ್ದು ಅಪ್ಪನ ಬ್ಯಾಂಕಿನ ಗುಮಾಸ್ತರೇ. ನಿಶ್ಚಿತ ಠೇವಣಿ ಇಟ್ಟರೆ ಅದರ ಆಧಾರದ ಮೇಲೆ ಕಾರ್ಡ್ ಕೊಡುತ್ತಾರೆ. ಗ್ರಾಚ್ಯುಟಿ ಹಣದಲ್ಲಿ ಒಂದೂವರೆ ಲಕ್ಷ ಠೇವಣಿ ಇಟ್ಟು ಅಪ್ಪ ಮೊದಲ ಕ್ರೆಡಿಟ್ ಕಾರ್ಡ್ ಪಡೆದರು. ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಮೊದಲು ಬಂದ್ ಆಗಿರುತ್ತದೆ, ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಇದನ್ನು ಮರೆತವರು ಕೌಂಟರಿನ ಮುಂದೆ ಬೆವರುತ್ತಾರೆ. ಅಪ್ಪ–ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ನಿಮಗೂ ಇದ್ದರೆ ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಈ ಸಾಲನ್ನು ಓದಿಬಿಡಿ.

ಅಪ್ಪನ ತಯಾರಿ ಬೇರೆಯೇ ತರಹದ್ದು. ಇಟಲಿಯಲ್ಲಿ ಗಾಡಿ ಬಲಕ್ಕೆ ಹೋಗುತ್ತದೆ, ಸ್ಟಿಯರಿಂಗ್ ಎಡಕ್ಕಿರುತ್ತದೆ. ಅಂದರೆ ಗೇರ್ ಬಲಗೈಯಲ್ಲಿ. ಅಮ್ಮ ಫೋನಿನಲ್ಲಿ ದೂರು ಹೇಳುತ್ತಿದ್ದರು: ‘ಟೀವಿ ಮುಂದೆ ಕುರ್ಚಿ ಹಾಕ್ಕೊಂಡು, ಊಟದ ಕೈಯಲ್ಲಿ ಗೇರ್ ಹಾಕ್ತಾ ಕೂತಿರ್ತಾರೆ ಕಣೇ.’

ಅಪ್ಪ ಕೇಳುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ನಾನೂ ಕಲಿತೆ. ಪಟ್ಟಣದ ಒಳಗೆ ವೇಗದ ಮಿತಿ 50, ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಟೋಲ್ ಹೆದ್ದಾರಿಯಲ್ಲಿ 130, ಮಳೆ ಬಂದರೆ ಅಲ್ಲೂ 110. ಊರಾಚೆ ಹಗಲಲ್ಲೂ ದೀಪ ಹಾಕಿರಬೇಕು. ಪಾರ್ಕಿಂಗ್‌ನಲ್ಲಿ ಬಿಳಿ ಗೆರೆ ಪುಕ್ಕಟೆ, ನೀಲಿ ಗೆರೆಗೆ ದುಡ್ಡು, ಹಳದಿ ಗೆರೆ ಬೇರೆಯವರಿಗೆ ಮೀಸಲು. ಟೋಲ್‌ನಲ್ಲಿ ಹಳದಿ ದಾರಿ ನಮ್ಮ ಫಾಸ್ಟ್ಯಾಗ್‌ನಂಥ ಸಾಧನ ಇದ್ದವರಿಗೆ, ಬಾಡಿಗೆ ಕಾರಿನವರು ಅಲ್ಲಿ ನುಗ್ಗಬಾರದು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಜೆಡ್‌ಟಿಎಲ್’ ಎಂಬ ಫಲಕಕ್ಕೆ. ಹಳೇ ಪೇಟೆಗಳ ಒಳಗೆ ಪರವಾನಗಿ ಇಲ್ಲದ ಗಾಡಿ ಹೋದರೆ ಕ್ಯಾಮೆರಾ ಫೋಟೊ ಹೊಡೆಯುತ್ತದೆ. ಪೊಲೀಸರು ಕೈ ಅಡ್ಡ ಹಾಕುವುದಿಲ್ಲ, ದಂಡದ ಕಾಗದ ತಿಂಗಳುಗಳಾದ ಮೇಲೆ ಮನೆಗೆ ಬರುತ್ತದೆ. ಪೀಸಾದಂಥ ಊರಿನಲ್ಲಿ ನಾಲ್ಕು ಬೀದಿ ತಪ್ಪಿದರೆ ನಾಲ್ಕು ದಂಡವೂ ಬರಬಹುದು.

‘ಘಾಟಿನಲ್ಲಿ ಏರೋ ಗಾಡಿಗೆ ದಾರಿ ಬಿಡ್ತಾರಾ?’ ಎಂದು ಅಪ್ಪ ಒಂದು ದಿನ ಕೇಳಿದರು. ಹುಡುಕಿದೆ. ಬೆಟ್ಟದ ಇಕ್ಕಟ್ಟು ದಾರಿಯಲ್ಲಿ ಎದುರಾದರೆ ಇಳಿಯುವ ಗಾಡಿ ನಿಂತು ಏರುವ ಗಾಡಿಗೆ ದಾರಿ ಕೊಡಬೇಕು, ನಮ್ಮಲ್ಲಿರುವಂತೆಯೇ. ‘ಹಂಗಾದ್ರೆ ಎಲ್ಲಾ ಒಂದೇ’ ಎಂದು ಅಪ್ಪ ನಿರಾಳರಾದರು.

ಮೇ ತಿಂಗಳಲ್ಲಿ ಬಂದರು. ಅಮ್ಮ ತರಬೇಕೆಂದಿದ್ದ ತುಪ್ಪದ ಡಬ್ಬಿ ಹಾಸನದಲ್ಲೇ ಉಳಿಯಿತು. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಚಟ್ನಿಪುಡಿ, ಹುರಿದ ಅವಲಕ್ಕಿ ಬಂದವು. ಹೊರಗಿನ ದೇಶದವರು ನಮ್ಮ ಮನೆಯಲ್ಲಿ ಉಳಿದರೆ 48 ಗಂಟೆಯೊಳಗೆ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು. ಅದನ್ನೂ ಮುಗಿಸಿದೆ. ಜಿನೋವಾ ನೋಡಲು ಕಾರು ಬೇಕಿಲ್ಲವಾದ್ದರಿಂದ ಎರಡು ದಿನ ನಡೆದು, ಬಸ್ಸು ಹತ್ತಿ ಸುತ್ತಿದೆವು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಹಾಕಿ ಒಲೆಯಲ್ಲಿ ಸುಡುವ ‘ಫರಿನಾತಾ’ ತಿಂದ ಅಮ್ಮ, ‘ಇದು ನಮ್ಮ ಕಡಲೆಹಿಟ್ಟಿನ ದೋಸೆ, ಈರುಳ್ಳಿ ಮರ್ತಿದ್ದಾರೆ’ ಎಂದು ತೀರ್ಪು ಕೊಟ್ಟರು.

ಮೂರನೇ ದಿನ ಭಾನುವಾರ, ವಿಮಾನ ನಿಲ್ದಾಣದಲ್ಲಿ ಕಾರು ತೆಗೆದುಕೊಂಡೆವು. ಗೇರಿನ ಸಣ್ಣ ಕಾರು. ಅಪ್ಪ ಮೊದಲು ಸುತ್ತಲೂ ನಡೆದು ನಾಲ್ಕೂ ಟೈರು ಮುಟ್ಟಿ ನೋಡಿದರು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಗಂಟೆ ಅಭ್ಯಾಸ. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಕುಣಿಯುತ್ತಿತ್ತು, ಇಲ್ಲಿ ಆ ಎರಡೂ ಅದಲು ಬದಲು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಹಿಂದಿನ ಸೀಟಿನ ಪ್ರಯಾಣಿಕರನ್ನು ನೋಡುವಂತೆ ಕನ್ನಡಿಯಲ್ಲಿ ಒಮ್ಮೆ ನೋಡಿದರು, ಅಷ್ಟೆ. ಅಮ್ಮ ಸುಮ್ಮನಾದರು.

ಹೆದ್ದಾರಿ ಸೇರಿದ ಸ್ವಲ್ಪ ಹೊತ್ತಿಗೇ ದೊಡ್ಡ ಸೇತುವೆ. 2018ರ ಆಗಸ್ಟ್ 14ರಂದು ಇದೇ ಜಾಗದಲ್ಲಿ ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತಿದ್ದರು. ಎರಡು ವರ್ಷದಲ್ಲಿ ಎದ್ದ ಈಗಿನ ಸೇತುವೆಯ ವಿನ್ಯಾಸ ಜಿನೋವಾದವರೇ ಆದ ರೆಂಜೊ ಪಿಯಾನೊ ಅವರದು. ಕುಸಿದ ಅಂಚಿನಿಂದ ಕೆಲವೇ ಮೀಟರ್ ಹಿಂದೆ ಒಂದು ಹಸಿರು ಲಾರಿ ನಿಂತಿದ್ದ ಫೋಟೊ ಜಗತ್ತೆಲ್ಲ ನೋಡಿತ್ತು. ಹಿಂದಿನ ರಾತ್ರಿ ಅಪ್ಪನಿಗೂ ತೋರಿಸಿದ್ದೆ. ಸೇತುವೆ ದಾಟುವವರೆಗೂ ಅವರು ಮಾತಾಡಲಿಲ್ಲ. ದಾಟಿದ ಮೇಲೆ ಕೇಳಿದ್ದು ಒಂದೇ: ‘ಆ ಲಾರಿ ಡ್ರೈವರ್ ಬ್ರೇಕ್ ಹಾಕಿದ್ನಲ್ಲ, ಅವನು ಬದುಕಿದ್ನಾ?’ ‘ಬದುಕಿದ’ ಎಂದೆ. ಅಪ್ಪ ತಲೆಯಾಡಿಸಿದರು. ನಾನು ಆ ಫೋಟೊದಲ್ಲಿ ಸೇತುವೆ ನೋಡಿದ್ದೆ, ಅಪ್ಪ ಡ್ರೈವರನ್ನು ನೋಡಿದ್ದರು.

ಸೆಸ್ತ್ರಿ ಲೆವಾಂತೆ ದಾಟಿದ ಮೇಲೆ ಎರಡು ದಾರಿ. ಒಂದು ಸುರಂಗಗಳ ಸಾಲಿನ ಹೆದ್ದಾರಿ. ಇನ್ನೊಂದು ರೋಮನ್ನರ ಕಾಲದಿಂದ ಹೆಸರು ಉಳಿಸಿಕೊಂಡ ವಿಯಾ ಔರೇಲಿಯಾ. ಅದು ಬ್ರಾಕ್ಕೊ ಎಂಬ ಕಣಿವೆದಾರಿಯಲ್ಲಿ 600 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ. ಸಮಯ ಉಳಿಸಲು ನಾನು ಹೆದ್ದಾರಿ ಗುರುತು ಹಾಕಿದ್ದೆ. ‘ಘಾಟಿ ಇದ್ಯಂತಲ್ಲ, ಅದ್ರಲ್ಲೇ ಹೋಗೋಣ’ ಎಂದರು ಅಪ್ಪ.

ಆ ಒಂದು ಗಂಟೆ ನಾನು ಅಪ್ಪನನ್ನೇ ನೋಡುತ್ತಿದ್ದೆ. ತಿರುವಿಗೆ ಮುಂಚೆಯೇ ಗೇರ್ ಇಳಿಸುವುದು, ಬ್ರೇಕನ್ನು ಕಾಲಿನಲ್ಲಿ ತುಳಿಯದೆ ಎಂಜಿನ್ನಿಗೆ ಬಿಡುವುದು, ಹಿಂದಿನಿಂದ ಮೋಟರ್‌ಸೈಕಲ್ಲುಗಳು ಬಂದರೆ ಬದಿಗೆ ಸರಿದು ಕೈ ಸನ್ನೆ ಮಾಡುವುದು. ಪ್ರಯಾಣದುದ್ದಕ್ಕೂ ವಾಂತಿಗೆ ಹೆದರುವ ಅಮ್ಮ ಹಿಂದೆ ನಿದ್ದೆ ಹೋಗಿದ್ದರು. ಚಿಕ್ಕವಳಿದ್ದಾಗ ಅಪ್ಪನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿದ್ದೆ. ಆಗಲೂ ಇಡೀ ಬಸ್ಸು ಹೀಗೇ ನಿದ್ದೆ ಮಾಡುತ್ತಿತ್ತು. ಜನ ನಂಬಿ ಮಲಗಿದ್ದರು ಅನ್ನುವುದು ನನಗೆ ಹೊಳೆದದ್ದು ಈಗ.

ಮಾರನೇ ದಿನ ಕಾರನ್ನು ಲಾ ಸ್ಪೆಜಿಯಾದಲ್ಲಿ ನಿಲ್ಲಿಸಿದೆವು. 1997ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಚಿಂಕ್ವೆ ತೆರ್ರೆಯ ಐದು ಊರುಗಳಿಗೆ ರೈಲೇ ಸರಿ. ದಿನದ ಪಾಸ್ ಕೊಂಡರೆ ಎಲ್ಲಿ ಬೇಕಾದರೂ ಇಳಿದು ಹತ್ತಬಹುದು. ಕೊರ್ನೀಲ್ಯಾ ಮಾತ್ರ ಗುಡ್ಡದ ಮೇಲಿದೆ, ನಿಲ್ದಾಣದಿಂದ 380ಕ್ಕೂ ಹೆಚ್ಚು ಮೆಟ್ಟಿಲು. ಅಮ್ಮನ ಮಂಡಿ ನೆನೆದು ಅದನ್ನು ಬಿಟ್ಟು ಉಳಿದ ನಾಲ್ಕು ನೋಡಿದೆವು. ಆಮೇಲೆ ಲೆರಿಚಿಯ ಕೋಟೆ. ಮುಂದೆ ದೂರದಿಂದ ಹಿಮದಂತೆ ಕಾಣುವ ಕರಾರಾದ ಅಮೃತಶಿಲೆಯ ಬೆಟ್ಟಗಳು. ಮೈಕೆಲೇಂಜೆಲೊನ ‘ಡೇವಿಡ್’ ಹುಟ್ಟಿದ್ದು ಅಲ್ಲಿನ ಕಲ್ಲಿನಿಂದ. ಪೀಸಾದಲ್ಲಿ ಕಾರನ್ನು ಪೇಟೆಯ ಹೊರಗೇ ಬಿಟ್ಟು ನಡೆದು ಹೋದೆವು. ಓರೆ ಗೋಪುರದ ಮುಂದೆ ಎಲ್ಲರೂ ಕೈ ಚಾಚಿ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಅಪ್ಪ ಬಂದು ನಿಂತ ಟೂರಿಸ್ಟ್ ಬಸ್ಸಿನ ಚಾಲಕನ ಜೊತೆ ಕೈಸನ್ನೆಯಲ್ಲೇ ಮಾತಿಗಿಳಿದಿದ್ದರು. ಅವನಿಗೆ ನಾನು ಹರುಕು ಇಟಾಲಿಯನ್‌ನಲ್ಲಿ ಹೇಳಿದೆ: ‘ನಮ್ಮಪ್ಪನೂ ಬಸ್ ಡ್ರೈವರ್. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಬೆಳ್ಳಿ ಪದಕ ಬಂದಿದೆ.’ ಅವನು ಎದ್ದು ನಿಂತು ಅಪ್ಪನ ಕೈ ಕುಲುಕಿದ. ಅಪರಿಚಿತರೊಬ್ಬರ ಮುಂದೆ ನಾನು ಆ ಮಾತು ಹೇಳಿದ್ದು ಅದೇ ಮೊದಲು.

ಐದನೇ ದಿನ ಸಂಜೆ ಕಾರು ಒಪ್ಪಿಸಿದೆವು. ಕೌಂಟರಿನ ಹುಡುಗ ಟಾರ್ಚ್ ಹಿಡಿದು ಸುತ್ತಲೂ ನೋಡಿ, ರಸೀದಿಯಲ್ಲಿ ಹಾನಿಯ ಖಾನೆಯ ಮುಂದೆ ‘ಇಲ್ಲ’ ಅಂತ ಬರೆದುಕೊಟ್ಟ. ಅಪ್ಪ ಅದನ್ನು ಎರಡು ಸಲ ನನ್ನಿಂದ ಓದಿಸಿದರು. ಆಮೇಲೆ ಮಡಚಿ ಜೇಬಿಗಿಟ್ಟುಕೊಂಡರು.

ಈಗ ಅದು ಹಾಸನದ ಮನೆಯ ಷೋಕೇಸಿನಲ್ಲಿ, ಬೆಳ್ಳಿ ಪದಕದ ಪಕ್ಕದಲ್ಲಿದೆಯಂತೆ. ‘ಮನೆಗೆ ಬಂದೋರಿಗೆಲ್ಲ ಅದನ್ನೇ ತೋರಿಸ್ತಾರೆ, ಗೋಪುರದ ಫೋಟೊ ತೋರ್ಸಲ್ಲ’ ಅಂತ ಅಮ್ಮ ನಿನ್ನೆಯೂ ದೂರು ಹೇಳಿದರು.