ಗೀಸರ್‌ನ ಸ್ವಯಂಸ್ಥಗಿತ

ಸ್ನಾನದ ನೀರು ಕಾಯಿಸುವ ಗೃಹೋಪಯೋಗಿ ಯಂತ್ರವು ಯಾರೂ ಆರಿಸದೆಯೇ ನಿಂತುಹೋಗುವುದನ್ನು ಗೀಸರ್‌ನ ಸ್ವಯಂಸ್ಥಗಿತ ಎನ್ನಬಹುದು. ಪಣಂಬೂರು, ಸುರತ್ಕಲ್ ಮೊದಲಾದ ಮಂಗಳೂರಿನ ಕಡಲತಡಿಯ ಪ್ರದೇಶಗಳಲ್ಲಿ ಕೋಣೆ ಬೆಚ್ಚಗಿಡುವ ಹೀಟರಿನ ಅಗತ್ಯ ಬೀಳುವುದಿಲ್ಲ. ಅಲ್ಲಿ ಹೀಟರ್ ಎಂದರೆ ಸಾಮಾನ್ಯವಾಗಿ ಬಚ್ಚಲುಮನೆಯ ಹಂಡೆಯ ಸ್ಥಾನಕ್ಕೆ ಬಂದ ಗೀಸರ್. ಅದು ನಿಲ್ಲುವುದು ಹಲವು ವೇಳೆ ದೋಷವಲ್ಲ, ರಕ್ಷಣೆ. ಆದ್ದರಿಂದ ಯಾವ ಭಾಗ ಅದನ್ನು ನಿಲ್ಲಿಸಿತು ಎಂಬುದನ್ನು ಮೊದಲು ಗುರುತಿಸಬೇಕು.

ಸಹಜ ನಿಲುಗಡೆ

ಸಂಗ್ರಹ ಮಾದರಿಯ ವಿದ್ಯುತ್ ಗೀಸರ್‌ಗಳಿಗೆ ಭಾರತದಲ್ಲಿ ಐ.ಎಸ್. 2082 ಮಾನಕ ಅನ್ವಯಿಸುತ್ತದೆ. 2 ಕಿಲೋವ್ಯಾಟ್‌ನ ಕಾಯಿಲ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ. ಆ ಬಳಿಕ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿದು, ನೀರು ತಣಿದಾಗ ಮರಳಿ ಜೋಡಿಸುತ್ತದೆ. ನೀರು ಬಿಸಿಯಾಗಿದ್ದು ದೀಪ ಆರಿದ್ದರೆ ದುರಸ್ತಿಗೆ ಕಾರಣವಿಲ್ಲ.

ಥರ್ಮಲ್ ಕಟೌಟ್

ಥರ್ಮೋಸ್ಟಾಟ್ ಕೆಲಸ ಮಾಡದೆ ನೀರು ಮಿತಿಮೀರಿ ಕಾದರೆ ಥರ್ಮಲ್ ಕಟೌಟ್ ಬೀಳುತ್ತದೆ. ಅನೇಕ ಮಾದರಿಗಳಲ್ಲಿ ಇದನ್ನು ಕೈಯಿಂದಲೇ ಮರುಹೊಂದಿಸಬೇಕು. ಗುಂಡಿ ಮುಚ್ಚಳದೊಳಗೆ ಇರುವುದರಿಂದ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸುವುದು ಕಡ್ಡಾಯ. ಥರ್ಮೋಸ್ಟಾಟಿನ ಸಂಪರ್ಕಬಿಂದುಗಳು ಅಂಟಿಕೊಳ್ಳುವುದು, ತೊಟ್ಟಿಯಲ್ಲಿ ನೀರಿಲ್ಲದೆ ಕಾಯಿಸುವುದು, ಕಾಯಿಲಿನ ಮೇಲೆ ಸುಣ್ಣದ ಹಕ್ಕಳೆ ಕಟ್ಟುವುದು ಇದರ ಸಾಮಾನ್ಯ ಕಾರಣಗಳು. ಮರುಹೊಂದಿಸಿದ ಮೇಲೂ ಮತ್ತೆ ಬಿದ್ದರೆ ಕಾರಣ ಉಳಿದಿದೆ ಎಂದರ್ಥ. ಕಟೌಟನ್ನು ತಂತಿಯಿಂದ ದಾಟಿಸಿ ಯಂತ್ರ ನಡೆಸುವ ರೂಢಿ ಕೆಲವೆಡೆ ಇದೆ, ಇದು ಅಕ್ಷಮ್ಯ. ಆಗ ಉಳಿಯುವ ರಕ್ಷಣೆ ಒತ್ತಡ ಬಿಡುಗಡೆಯ ಕವಾಟ ಮುಂತಾದವುಗಳದ್ದು ಮಾತ್ರ. ಅವೂ ಕಟ್ಟಿಕೊಂಡರೆ ತೊಟ್ಟಿ ಸ್ಫೋಟಿಸಬಹುದು.

ಕಡಲತಡಿಯ ತೊಂದರೆಗಳು

ಗೀಸರ್ ಹಾಕಿದೊಡನೆ ಮನೆಯ ಆರ್.ಸಿ.ಸಿ.ಬಿ. ಬಿದ್ದರೆ ಅದು ವಿದ್ಯುತ್ ಸೋರಿಕೆಯ ಲಕ್ಷಣ. ಮನೆಗಳಲ್ಲಿ ಬಳಸುವ ಈ ಸಾಧನ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂಥದ್ದು. ಎಂ.ಸಿ.ಬಿ. ಮಾತ್ರ ಬಿದ್ದರೆ ಅಧಿಕ ಹೊರೆ ಅಥವಾ ಶಾರ್ಟ್ ಸರ್ಕ್ಯೂಟ್ ಎಂದು ಊಹಿಸಬೇಕು.

ಕರಾವಳಿಯಲ್ಲಿ ಸೋರಿಕೆಗೆ ಎರಡು ದಾರಿಗಳಿವೆ. ಕಾಯಿಲಿನೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ತೇವವನ್ನು ಹೀರುವ ಗುಣದ್ದು. ಸೆಖೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದೆ ಬಿಟ್ಟ ಗೀಸರನ್ನು ಜೂನ್ ಮಳೆಗೆ ಮೊದಲ ಬಾರಿ ಹಾಕಿದಾಗ ಅದು ಕೈಕೊಡಲು ಇದೊಂದು ಕಾರಣ. ಇನ್ನೊಂದು ಉಪ್ಪು. ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿಯ ನೀರಿಗಿಂತ, ಬೇಸಗೆಯಲ್ಲಿ ಉಪ್ಪೇರುವ ಕಡಲ ಸಮೀಪದ ಬಾವಿಯ ನೀರು ಕಾಯಿಲಿನ ಲೋಹದ ಹೊದಿಕೆಯನ್ನು ಬೇಗ ತಿನ್ನುತ್ತದೆ. ತೊಟ್ಟಿಯ ಸವೆತ ತಡೆಯಲು ತಾನೇ ಕರಗುವ ಮೆಗ್ನೀಸಿಯಂ ದಂಡವೂ ಅಂಥ ನೀರಿನಲ್ಲಿ ಶೀಘ್ರ ಮುಗಿಯುತ್ತದೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ಕಾಯಿಲನ್ನು ಬದಲಿಸಲೇಬೇಕು. ಇವೆರಡನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಎಲೆಕ್ಟ್ರಿಶಿಯನ್ ಮೆಗ್ಗರಿನಿಂದ ಅವಾಹಕತ್ವವನ್ನು ಅಳೆದು, ಕಾಯಿಲನ್ನು ಒಣಗಿಸಿ ಮತ್ತೆ ಅಳೆಯಬೇಕು. ಅರ್ತಿಂಗ್ ತಂತಿ ತುಕ್ಕು ಹಿಡಿದು ಕಡಿದಿದ್ದು, ಆರ್.ಸಿ.ಸಿ.ಬಿ.ಯೂ ಇಲ್ಲದ ಮನೆಯಲ್ಲಿ ಇದೇ ದೋಷ ಸ್ನಾನ ಮಾಡುವವರ ಪ್ರಾಣಕ್ಕೆ ಎರವಾಗಬಹುದು.

ಗ್ಯಾಸ್ ಗೀಸರ್

ಗ್ಯಾಸ್ ಗೀಸರ್‌ಗಳಲ್ಲಿ ಬ್ಯಾಟರಿ ಸೋತರೆ, ಜ್ವಾಲೆ ಗುರುತಿಸುವ ಕಡ್ಡಿಗೆ ಮಸಿ ಹಿಡಿದರೆ, ನೀರಿನ ಒತ್ತಡ ಸಾಲದಿದ್ದರೆ ಉರಿ ಆರುತ್ತದೆ. ಟ್ಯಾಂಕ್ 1 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಅಷ್ಟೇ. ತಾರಸಿಯ ಟ್ಯಾಂಕಿಗೆ ತೀರ ಸಮೀಪದ ಮೇಲ್ಮಹಡಿಯಲ್ಲಿ ಈ ತೊಂದರೆ ಹೆಚ್ಚು. ಕೆಲವು ಮಾದರಿಗಳು 20 ನಿಮಿಷಕ್ಕೆ ತಾವೇ ನಿಲ್ಲುತ್ತವೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಆಮ್ಲಜನಕ ಕುಗ್ಗಿ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬುವುದರಿಂದ ಈ ಮಿತಿಯನ್ನು ಕಳಚಬಾರದು. ಯಂತ್ರವನ್ನು ಬಚ್ಚಲಿನ ಹೊರಗೆ ಅಳವಡಿಸುವುದೇ ಸರಿಯಾದ ಕ್ರಮ. ಸ್ನಾನದ ನಡುವೆ ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಹೊರಗಿನ ಗಾಳಿಗೆ ಬಂದು, ಬಳಿಕ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿಸಿ, ವೈದ್ಯರನ್ನು ಕಾಣಬೇಕು.