ಪಂಜರದೊಳಗೆ ಮನುಷ್ಯ, ಹೊರಗೆ ಶಾರ್ಕ್

ಮೃಗಶಾಲೆಯಲ್ಲಿ ಹುಲಿಯು ಪಂಜರದೊಳಗಿರುತ್ತದೆ. ಮನುಷ್ಯನು ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತ ಅದನ್ನು ನೋಡುತ್ತಾನೆ. ಇದು ಲೋಕರೂಢಿ. ಈ ರೂಢಿಯನ್ನು ತಲೆಕೆಳಗು ಮಾಡಿ, ಮನುಷ್ಯನೇ ಹಣ ತೆತ್ತು ಪಂಜರದೊಳಗೆ ಸೇರಿ, ಕಡಲಿಗಿಳಿದು, ಹೊರಗೆ ಸ್ವೇಚ್ಛೆಯಾಗಿ ಸಂಚರಿಸುವ ಘೋರಜಂತುವನ್ನು ಕಂಡು ಬರುವ ವಿಚಿತ್ರ ವ್ಯವಹಾರವೊಂದು ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಬೆಳೆದು ಬಂದಿದೆ. ಆ ಜಂತುವೇ ಗ್ರೇಟ್ ವೈಟ್ ಎಂದು ಪ್ರಸಿದ್ಧವಾದ ಬಿಳಿ ಶಾರ್ಕ್. ಹೆಸರಿಗೆ ಬಿಳಿಯಾದರೂ ಅದರ ಬೆನ್ನು ಬೂದುಬಣ್ಣ, ಹೊಟ್ಟೆ ಮಾತ್ರ ಬಿಳುಪು. ಬಲಿತ ಹೆಣ್ಣು ಸುಮಾರು 20 ಅಡಿಯವರೆಗೂ ಬೆಳೆಯುವುದುಂಟು. ಹಲ್ಲುಗಳ ಅಂಚು ಗರಗಸದಂತೆ.

ಶಾರ್ಕ್‌ಗಳ ನಡುವೆ ಪಂಜರದಲ್ಲಿಳಿಯುವ ಉಪಾಯವನ್ನು ಫ್ರಾನ್ಸಿನ ಕುಸ್ತೋ ಎಂಬ ಸಾಗರಶೋಧಕನ ತಂಡವು ಮೊದಲೇ ಬಳಸಿತ್ತು. ಆದರೆ ಬಿಳಿ ಶಾರ್ಕನ್ನು ಕಾಣಲೆಂದೇ ಪಂಜರವನ್ನು ರೂಪಿಸಿದ ಕೀರ್ತಿ ಸಲ್ಲುವುದು ರಾಡ್ನಿ ಫಾಕ್ಸ್ ಎಂಬ ಆಸ್ಟ್ರೇಲಿಯದವನಿಗೆ. ಆತನು ವಿಜ್ಞಾನಿಯಲ್ಲ, ವಿಮೆಯ ಪಾಲಿಸಿಗಳನ್ನು ಮಾರಿ ಜೀವನ ಸಾಗಿಸುತ್ತಿದ್ದ ತರುಣ. ಈಟಿಯಿಂದ ಮೀನು ಹೊಡೆಯುವುದರಲ್ಲಿ ನಿಪುಣ. 1963ರ ಡಿಸೆಂಬರ್ 8ರಂದು ಅಡಿಲೇಡ್ ನಗರದ ದಕ್ಷಿಣಕ್ಕಿರುವ ಅಲ್ಡಿಂಗಾ ತೀರದಲ್ಲಿ ನಡೆದ ಸ್ಪರ್ಧೆಯಲ್ಲಿ ಆತನು ನೀರಿನಡಿಯಲ್ಲಿದ್ದಾಗ ಬಿಳಿ ಶಾರ್ಕೊಂದು ಆತನ ಎದೆಯನ್ನೇ ಕಚ್ಚಿ ಹಿಡಿಯಿತು. ಪಕ್ಕೆಲುಬುಗಳು ಮುರಿದವು, ಒಡಲು ತೆರೆಯಿತು. ಮೈಗಂಟಿದ್ದ ರಬ್ಬರು ಉಡುಪೇ ಕರುಳುಗಳನ್ನು ಹಿಡಿದಿಟ್ಟಿತೆನ್ನುತ್ತಾರೆ. ವೈದ್ಯರು 462 ಹೊಲಿಗೆಗಳನ್ನು ಹಾಕಿ ಆ 23 ವರ್ಷದ ಪ್ರಾಯದವನನ್ನು ಉಳಿಸಿದರು.

ಮೃತ್ಯುವಿನ ದವಡೆಯಿಂದ ಬಂದವನು ಮತ್ತೆ ಕಡಲಿನತ್ತ ಮುಖ ಮಾಡಲಾರನೆಂದೇ ನಾವು ಭಾವಿಸುವೆವು. ಆತನಾದರೋ ಕೆಲವೇ ತಿಂಗಳುಗಳಲ್ಲಿ ಮರಳಿ ನೀರಿಗಿಳಿದನು. ಅಡಿಲೇಡಿನ ಮೃಗಶಾಲೆಯಲ್ಲಿ ಸಿಂಹಗಳನ್ನು ನೋಡುತ್ತಿರುವಾಗ, ತಾನೇ ಪಂಜರದೊಳಗಿದ್ದು ಶಾರ್ಕನ್ನು ಏಕೆ ನೋಡಬಾರದೆಂಬ ಯೋಚನೆ ಆತನಿಗೆ ಹೊಳೆಯಿತಂತೆ. ಮುಂದೆ ‘ಜಾಸ್’ ಚಲಚ್ಚಿತ್ರಕ್ಕಾಗಿ ನಿಜವಾದ ಶಾರ್ಕ್‌ಗಳ ಚಿತ್ರಗಳನ್ನು ತೆಗೆಯುವಲ್ಲಿಯೂ ಆತನು ನೆರವಾದನು. 1975ರಲ್ಲಿ ಆ ಚಿತ್ರವು ತೆರೆಕಂಡು ಲೋಕವೆಲ್ಲ ಶಾರ್ಕ್ ಎಂದರೆ ನಡುಗುವಂತಾಯಿತು. ಮೂಲ ಕಾದಂಬರಿಯನ್ನು ಬರೆದ ಪೀಟರ್ ಬೆಂಚ್ಲಿಯೇ ಅನಂತರ ಶಾರ್ಕ್‌ಗಳ ರಕ್ಷಣೆಗಾಗಿ ದುಡಿದನು. ಕಚ್ಚಿಸಿಕೊಂಡ ಫಾಕ್ಸ್ ಕೂಡ ಅದೇ ಪಕ್ಷವನ್ನು ಹಿಡಿದನು. ಈ ಮೀನಿಗೆ ನಿಜವಾದ ಆಹಾರ ಸೀಲ್ ಮೊದಲಾದ ಕಡಲಪ್ರಾಣಿಗಳೇ ಹೊರತು ಮನುಷ್ಯನಲ್ಲ. ಅದರ ಬಾಯಿಗೆ ಮನುಷ್ಯನು ಸಿಕ್ಕುವುದು ಬಲು ಅಪರೂಪ. ಹೆದರಿಕೆಗೆ ಮದ್ದು ಕೊಲ್ಲುವುದಲ್ಲ, ಕಣ್ಣಾರೆ ಕಾಣುವುದು ಎಂಬುದನ್ನು ಫಾಕ್ಸನು ತನ್ನ ಬಾಳಿನಿಂದಲೇ ತೋರಿಸಿದನು.

ಕಾಣಿಸುವ ಕ್ರಮ ಹೀಗೆ: ದೋಣಿಯನ್ನು ಲಂಗರು ಹಾಕಿ ನಿಲ್ಲಿಸಿ, ಮೀನಿನ ರಕ್ತ ಮತ್ತು ಎಣ್ಣೆಯನ್ನು ನೀರಿಗೆ ಸುರಿಯುತ್ತಾರೆ. ಹಗ್ಗಕ್ಕೆ ಎರೆ ಕಟ್ಟಿ ತೇಲಬಿಡುತ್ತಾರೆ. ವಾಸನೆ ಹಿಡಿದು ಶಾರ್ಕ್ ಬರುತ್ತದೆ. ದೋಣಿಯ ಮಗ್ಗುಲಿನ ಕಬ್ಬಿಣದ ಪಂಜರದೊಳಗೆ, ಕೊರೆಯುವ ಚಳಿನೀರಿನಲ್ಲಿ ನಿಂತವರು ಅದನ್ನು ನೋಡುತ್ತಾರೆ. ಹೀಗೆ ವಾಸನೆ ತೋರಿಸಿ ಕರೆಯುವುದರಿಂದ ಅದರ ಸ್ವಭಾವ ಕೆಡುವುದೆಂದು ಆಕ್ಷೇಪಿಸುವವರೂ ಇದ್ದಾರೆ. ಆಸ್ಟ್ರೇಲಿಯದ ನೆಪ್ಚೂನ್ ದ್ವೀಪಗಳಲ್ಲಿ ಸರ್ಕಾರವು ಈ ವ್ಯವಹಾರಕ್ಕೆ ಮಿತಿ ಹಾಕಿದೆ. ಮೆಕ್ಸಿಕೋ ಸರ್ಕಾರವು ಗ್ವಾಡಲೂಪೆ ದ್ವೀಪದಲ್ಲಿ 2023ರಲ್ಲಿ ಇದನ್ನು ನಿಲ್ಲಿಸಿಯೇ ಬಿಟ್ಟಿತು.

ದಕ್ಷಿಣ ಆಫ್ರಿಕಾದ ಹಾನ್ಸ್‌ಬಾಯ್ ಎಂಬ ಕಡಲೂರಿನ ಕಥೆ ಬೇರೊಂದು ಬಗೆಯದು. ಬಿಳಿ ಶಾರ್ಕನ್ನು ಕೊಲ್ಲಕೂಡದೆಂದು ಜಗತ್ತಿನಲ್ಲಿಯೇ ಮೊದಲು, 1991ರಲ್ಲಿ, ಕಟ್ಟಳೆ ಮಾಡಿದ ದೇಶವದು. ಬಳಿಕ ಮೀನುಗಾರರ ಈ ಸಣ್ಣ ಊರಿಗೆ ನಾನಾ ದೇಶಗಳ ಪ್ರವಾಸಿಗಳು ಬರತೊಡಗಿದರು. ದೋಣಿಯವರಿಗೆ ಸಂಬಳ, ವಸತಿಗೃಹಗಳಿಗೆ ಗಿರಾಕಿ, ಅಡುಗೆಯವರಿಗೆ ಕೆಲಸ; ಎಲ್ಲವೂ ಆ ಮೀನಿನ ಪುಣ್ಯದಿಂದ. 2017ರಲ್ಲಿ ಶಾರ್ಕ್‌ಗಳ ಹೆಣಗಳು ದಡಕ್ಕೆ ಬಂದು ಬೀಳತೊಡಗಿದವು. ಕೊಂದದ್ದು ಮನುಷ್ಯನಲ್ಲ, ಓರ್ಕಾ ಎಂಬ ತಿಮಿಂಗಿಲಗಳು. ಬೆನ್ನಿನ ಈಜುರೆಕ್ಕೆ ಒಂದಕ್ಕೆ ಎಡಕ್ಕೂ ಇನ್ನೊಂದಕ್ಕೆ ಬಲಕ್ಕೂ ಬಾಗಿದ್ದ ಕಾರಣ ಪೋರ್ಟ್, ಸ್ಟಾರ್‌ಬೋರ್ಡ್ ಎಂದು ನಾವಿಕರ ಭಾಷೆಯಲ್ಲಿ ಹೆಸರು ಪಡೆದ ಒಂದು ಜೋಡಿಯು, ಎಣ್ಣೆ ತುಂಬಿದ ಪಿತ್ತಜನಕಾಂಗವನ್ನು ಮಾತ್ರ ತಿಂದು ಉಳಿದುದನ್ನು ಬಿಟ್ಟುಹೋಗುತ್ತಿತ್ತು. ಅಳಿದುಳಿದ ಶಾರ್ಕ್‌ಗಳು ಆ ನೀರನ್ನೇ ತೊರೆದವು. ಮನುಷ್ಯನು ಅತಿಯಾಗಿ ಮೀನು ಹಿಡಿದು ಅವುಗಳ ಆಹಾರವನ್ನು ಕಡಮೆ ಮಾಡಿದ್ದೂ ಕಾರಣವೆಂದು ಕೆಲವು ತಜ್ಞರ ವಾದ. ದೋಣಿಯವರು ಬೇರೆ ಜಾತಿಯ ಶಾರ್ಕ್‌ಗಳನ್ನು ತೋರಿಸಿ ಕಸಬನ್ನು ಉಳಿಸಿಕೊಳ್ಳಬೇಕಾಯಿತು.

ಗಿರಾಕಿಯಿಲ್ಲದ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನ ಸಂಕಟವೂ, ತಿಂಗಳ ಸಂಬಳಕ್ಕೆ ಕಾದಿರುವ ಮಾಣಿಯ ಚಿಂತೆಯೂ ನಮ್ಮ ವಾಚಕರಿಗೆ ಹೊಸದಲ್ಲ. ಯಾವ ಜಂತುವನ್ನು ಜನರು ಯಮದೂತನೆಂದು ಶಪಿಸುತ್ತಿದ್ದರೋ, ಅದು ಬಾರದಾದಾಗ ಒಂದೂರಿನ ಒಲೆಯೇ ಮಂದವಾಯಿತು. ಈ ಮೀನು ಮರಿಹಾಕುವ ಪ್ರಾಯಕ್ಕೆ ಬರಲು ದಶಕಗಳೇ ಬೇಕು. ಕಳೆದುಕೊಂಡರೆ ಬೇಗ ಮರಳಿ ಪಡೆಯುವ ಸೊತ್ತಲ್ಲ. ಕಬ್ಬಿಣದ ಪಂಜರವು ಮನುಷ್ಯನ ಜೀವವನ್ನು ಕಾಪಾಡೀತು. ಹೊರಗಿರುವ ಶಾರ್ಕನ್ನು ಕಾಪಾಡಲು ಮಾತ್ರ ಮನುಷ್ಯನ ವಿವೇಕವೇ ಬೇಕು.