ತೇಪೆ ಹಾಕದ ಗಣಕಯಂತ್ರ

ಪಹಣಿಯ ಪ್ರತಿಗಾಗಿ ನಾಡಕಚೇರಿಗೆ ಹೋದವರಿಗೆಲ್ಲ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಚಿರಪರಿಚಿತ. ಕಣ್ಣಿಗೆ ಕಾಣದ ಈ ಸರ್ವರ್ ಎಂಬುದಾದರೂ ಏನು? ಇತರ ಗಣಕಯಂತ್ರಗಳು ಕೇಳಿದ್ದನ್ನು ಒದಗಿಸುತ್ತ ಹಗಲಿರುಳೂ ದುಡಿಯುವ ಮತ್ತೊಂದು ಗಣಕಯಂತ್ರ, ಅಷ್ಟೆ. ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಏರಿಸಿತು. ಆದುದರಿಂದ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಹೊಲವೊಂದು ಯಾರದೆಂಬ ಪ್ರಶ್ನೆಗೂ ಇಂದು ಗಣಕವೇ ಸಾಕ್ಷಿ ಹೇಳಬೇಕು. ಸಾಕ್ಷಿಯ ಆರೋಗ್ಯವನ್ನು ವಿಚಾರಿಸುವುದು ನ್ಯಾಯವೇ ತಾನೆ!

ಯಂತ್ರದ ಲೋಹ, ಸಿಲಿಕಾನ್‌ಗಳಿಗೂ ನಾವು ಬಳಸುವ ತಂತ್ರಾಂಶಕ್ಕೂ ನಡುವೆ ನಿಂತು ಎಲ್ಲ ಕೆಲಸವನ್ನೂ ಹಂಚಿಕೊಡುವ ಮೇಸ್ತ್ರಿಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಲಿನಕ್ಸ್ ಎಂಬ ವ್ಯವಸ್ಥೆಯ ತಿರುಳು ಒಂದೇ 2 ಕೋಟಿ ಸಾಲುಗಳನ್ನು ಮೀರಿದೆ. ಮನುಷ್ಯರು ಬರೆದ ಇಷ್ಟು ದೊಡ್ಡ ಬರಹದಲ್ಲಿ ತಪ್ಪುಗಳಿಲ್ಲದಿರುವುದು ಅಸಾಧ್ಯ. ತಪ್ಪು ಪತ್ತೆಯಾದಾಗಲೆಲ್ಲ ತಯಾರಕರು ತಿದ್ದುಪಡಿಯನ್ನು ಕಳುಹಿಸುತ್ತಾರೆ. ಹರಿದ ಬಟ್ಟೆಗೆ ಹಾಕುವ ತೇಪೆಯಂತೆಯೇ ಇದೂ ಒಂದು ತೇಪೆ.

ಒಂದು ಸಣ್ಣ ತಪ್ಪು ಎಂತಹ ಕಿಂಡಿಯಾಗಬಲ್ಲದೆಂಬುದಕ್ಕೆ ವಿಂಡೋಸ್‌ನ ನಿದರ್ಶನವೊಂದನ್ನು ತುಸು ವಿವರವಾಗಿ ನೋಡೋಣ. ಗಣಕಗಳು ಪರಸ್ಪರ ಕಡತಗಳನ್ನು ಹಂಚಿಕೊಳ್ಳಲು ನೆರವಾಗುವ ಭಾಗವೊಂದು ಅದರಲ್ಲಿದೆ. ಹೊರಗಿನಿಂದ ಬಂದ ಪಟ್ಟಿಯ ಉದ್ದವನ್ನು ಅದು 32 ದ್ವಿಮಾನ ಅಂಕೆಗಳಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಪಟ್ಟಿಯ ಕೊನೆಯ ಭಾಗ ದೋಷಯುಕ್ತವೆಂದು ಕಂಡರೆ ಅದನ್ನು ಬಿಟ್ಟು ಉದ್ದವನ್ನು ಕಡಿಮೆ ಮಾಡಬೇಕು. ಆದರೆ ಹೊಸ ಉದ್ದವನ್ನು ಬರೆಯುವಾಗ ಅದು ಕೆಳಗಿನ 16 ಅಂಕೆಗಳನ್ನು ಮಾತ್ರ ಬದಲಾಯಿಸಿ ಮೇಲಿನ 16ನ್ನು ಇದ್ದಂತೆಯೇ ಬಿಡುತ್ತಿತ್ತು! ಉದ್ದ 65,536 ಇದ್ದು 65,373ಕ್ಕೆ ಇಳಿಯಬೇಕಾಗಿತ್ತೆಂದುಕೊಳ್ಳಿ. 65,536 ಎಂದರೆ ಎರಡರ 16ನೆಯ ಘಾತ, ಮೇಲಿನ ಅರ್ಧದಲ್ಲಿ ಒಂದು ‘1’ ಮಾತ್ರ. ಆ ‘1’ ಅಳಿಯದೆ ಉಳಿದುದರಿಂದ ಮೊತ್ತವು 65,536 ಕೂಡಿಸು 65,373, ಅಂದರೆ 1,30,909 ಆಗುತ್ತದೆ. ಕಡಿಮೆಯಾಗಬೇಕಾದದ್ದು ಇಮ್ಮಡಿಯಷ್ಟಾಯಿತು. ಸ್ಮೃತಿಯಲ್ಲಿ ಕಾದಿರಿಸಿದ ಜಾಗ ಚಿಕ್ಕದು, ತುಂಬಿದ ಸರಕು ದೊಡ್ಡದು. ಸೇರಿನಲ್ಲಿ ಎರಡು ಸೇರು ಸುರಿದರೆ ಉಳಿದದ್ದು ಪಕ್ಕಕ್ಕೆ ಚೆಲ್ಲುವಂತೆ, ಹೆಚ್ಚಿನ ಅಂಕೆಗಳು ನೆರೆಯ ಸ್ಮೃತಿಯ ಮೇಲೆ ಚೆಲ್ಲುತ್ತವೆ. ಚೆಲ್ಲುವುದು ಏನೆಂಬುದನ್ನು ಕಳುಹಿಸಿದವನು ಜಾಣತನದಿಂದ ಆರಿಸಿಕೊಂಡಿದ್ದರೆ, ಯಂತ್ರವು ಅದನ್ನೇ ಆಜ್ಞೆಯೆಂದು ಭಾವಿಸಿ ನಡೆಸುತ್ತದೆ. ಗುಪ್ತಪದ ಬೇಡ, ಬೀಗ ಮುರಿಯಬೇಕಾಗಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯು ಇದಕ್ಕೆ ತೇಪೆಯನ್ನು 2017ರ ಮಾರ್ಚ್ 14ರಂದು ಪ್ರಕಟಿಸಿತು. ಸರಿಯಾಗಿ ಒಂದು ತಿಂಗಳ ಮೇಲೆ, ಏಪ್ರಿಲ್ 14ರಂದು, ಈ ಕಿಂಡಿಯೊಳಗೆ ನುಗ್ಗುವ ಸಾಧನವು ಜಗಜ್ಜಾಹೀರಾಯಿತು. ಮೇ 12ರಂದು ‘ವಾನ್ನಕ್ರೈ’ ಎಂಬ ಪಿಡುಗು ಹೊರಟಿತು. ತೇಪೆಗೂ ಪಿಡುಗಿಗೂ ನಡುವೆ 59 ದಿನಗಳಿದ್ದವು! ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, 300 ಡಾಲರ್ ಒತ್ತೆಹಣ ಕೇಳುತ್ತ, ಅದು ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಮುಟ್ಟಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದುವೆಂದು ಅಂದಾಜು. ನಮ್ಮ ನೆರೆಯಲ್ಲಿಯೇ, ಚಿತ್ತೂರು ಸೇರಿದಂತೆ ಆಂಧ್ರಪ್ರದೇಶದ ಕೆಲವು ಜಿಲ್ಲೆಗಳ ಪೊಲೀಸ್ ಗಣಕಗಳು ಸಿಕ್ಕಿಬಿದ್ದವು. ತೇಪೆ ಹಾಕಿಸಿಕೊಂಡಿದ್ದ ಯಂತ್ರಗಳಲ್ಲಿ ಆ ಕಿಂಡಿ ಮುಚ್ಚಿತ್ತು.

ಇಲ್ಲೊಂದು ವಿಚಿತ್ರವಿದೆ. ತೇಪೆ ಪ್ರಕಟವಾದೊಡನೆಯೇ ಅಪಾಯ ಹೆಚ್ಚುತ್ತದೆ. ಹಳೆಯ ರೂಪವನ್ನೂ ಹೊಸ ರೂಪವನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದವನಿಗೆ ಹರಿದದ್ದು ಎಲ್ಲಿ ಎಂಬುದು ತಾನಾಗಿಯೇ ತಿಳಿಯುತ್ತದೆ. ತಡಮಾಡಿದವರ ಮನೆಯ ನಕ್ಷೆ ಕಳ್ಳನ ಕೈಸೇರಿದಂತೆಯೇ ಸರಿ.

ಹಾಗಾದರೆ ತಡವೇಕೆ? ಸೋಮಾರಿತನವೊಂದೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಅನೇಕ ತೇಪೆಗಳಿಗೆ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ನಿಲ್ಲಿಸಿದರೆ ಸಾಲಿನಲ್ಲಿ ನಿಂತವರು ಸುಮ್ಮನಿರುವರೆ? ಕಾರ್ಖಾನೆಗಳಲ್ಲಿ ದುಬಾರಿ ಯಂತ್ರವೊಂದಕ್ಕೆ ಹೊಂದುವ ತಂತ್ರಾಂಶವು ಹಳೆಯ ವ್ಯವಸ್ಥೆಯ ಮೇಲೆ ಮಾತ್ರ ನಡೆಯುವುದುಂಟು. ತಯಾರಕರೂ ಒಂದು ದಿನ ಕೈ ತೊಳೆದುಕೊಳ್ಳುತ್ತಾರೆ: ಸೆಂಟೋಸ್ 7 ಎಂಬ ಜನಪ್ರಿಯ ಸರ್ವರ್ ವ್ಯವಸ್ಥೆಗೆ ಅದರ ತಯಾರಕರು ತೇಪೆ ಕೊಡುವುದು 2024ರ ಜೂನ್ 30ಕ್ಕೆ ನಿಂತುಹೋಯಿತು. ಇನ್ನು ತೇಪೆಯೇ ಹರಿದಿರುವ ಸಂದರ್ಭಗಳೂ ಇವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಸಿಬ್ಬಂದಿ ಕೈಯಿಂದಲೇ ಕೆಲಸ ನಡೆಸಬೇಕಾಯಿತು. ಇದನ್ನು ತೋರಿಸಿ ಪರಿಷ್ಕರಣೆಯೇ ಬೇಡವೆನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಮೊದಲು ಒಂದು ಪ್ರತ್ಯೇಕ ಯಂತ್ರದಲ್ಲಿ ಪರೀಕ್ಷೆ, ಬಳಿಕ ಕೆಲವಕ್ಕೆ, ಕೊನೆಗೆ ಎಲ್ಲಕ್ಕೂ ಎಂಬ ಕ್ರಮವೇ ಯುಕ್ತ. ಜೊತೆಗೆ ದಾಖಲೆಗಳ ಪ್ರತಿಯೊಂದು ಬೇರೆಡೆ ಇರಲೇಬೇಕು.

ಕಳ್ಳರಿಲ್ಲದಿದ್ದರೂ ತೇಪೆ ಬೇಕಾಗುವುದುಂಟು. ಭೌತವಿಜ್ಞಾನದ ಉಪಾಧ್ಯಾಯನಾದ ನನಗೆ ಇದೇ ಹೆಚ್ಚು ರುಚಿಸುವ ಭಾಗ. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಸಾಲೊಂದಿದೆ. ಭೂಗರ್ಭದಲ್ಲಿ ಎಲ್ಲೋ ನಡೆದ ಅಣುಸ್ಫೋಟವನ್ನೂ ಅದು ಗುರುತಿಸಬಲ್ಲದು. ಅಲೆಯು ಒಂದೊಂದು ಮಾಪಕಕ್ಕೆ ತಲಪಿದ ಕಾಲದ ಅಂತರದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಭೂಮಿಯೊಳಗೆ ಈ ಅಲೆ ಸೆಕೆಂಡಿಗೆ ಹಲವು ಕಿಲೋಮೀಟರ್ ಓಡುವುದರಿಂದ, ಗಡಿಯಾರ ಒಂದು ಸೆಕೆಂಡ್ ತಪ್ಪಿದರೂ ಲೆಕ್ಕ ಕೆಡುತ್ತದೆ. ಸರ್ವರುಗಳ ಬಾಳೂ ಗಡಿಯಾರಕ್ಕೆ ಕಟ್ಟಿದ್ದೇ. ಭೂಮಿಯ ಭ್ರಮಣಕ್ಕೆ ಹೊಂದಿಸಲು 2012ರ ಜುಲೈ 1ರ ಬೆಳಿಗ್ಗೆ, ನಮ್ಮ ಕಾಲಮಾನದಲ್ಲಿ 5 ಗಂಟೆ 30 ನಿಮಿಷ ಆಗುವ ಮುನ್ನ, ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಲಿನಕ್ಸ್‌ನಲ್ಲಿ ಅಡಗಿದ್ದ ದೋಷವೊಂದು ಆ ಕ್ಷಣದಲ್ಲಿ ಎಚ್ಚರಗೊಂಡು, ಜಗತ್ತಿನಾದ್ಯಂತ ಅನೇಕ ಸರ್ವರುಗಳು ವೃಥಾ ತಿರುಗತೊಡಗಿ ಬಿಸಿಯಾದವು.

ಮುಂದಿನ ಪರೀಕ್ಷೆಯ ದಿನಾಂಕವನ್ನು ಕಾಗದ ಪೆನ್ಸಿಲ್ ಹಿಡಿದು ವಿದ್ಯಾರ್ಥಿಗಳೇ ಕಂಡುಹಿಡಿಯಬಹುದು. ಅನೇಕ ಹಳೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 32 ದ್ವಿಮಾನ ಅಂಕೆಗಳಲ್ಲಿ ಎಣಿಸುತ್ತವೆ. ಅವುಗಳಲ್ಲಿ ಒಂದು ಅಂಕೆ ಧನಋಣ ಚಿಹ್ನೆಗೆ ಮೀಸಲು. ಉಳಿದ 31ರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ 214,74,83,647. ಒಂದು ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ 68 ವರ್ಷಗಳಿಗೆ ತುಸು ಹೆಚ್ಚು. 2020ರಲ್ಲಿ ಬಂದ ಲಿನಕ್ಸ್ 5.6 ಇದಕ್ಕೆ ಪರಿಹಾರವನ್ನು ಒಳಗೊಂಡಿದೆ. ಅಂತಹ ಪರಿಹಾರ ತಲಪದ ಯಂತ್ರಗಳು 2038ರ ಜನವರಿ 19ರ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿನವರೆಗೆ ಸರಿಯಾಗಿ ಎಣಿಸಿ, ಮರುಸೆಕೆಂಡಿಗೆ 1901ರ ಡಿಸೆಂಬರ್ ತಿಂಗಳನ್ನು ತೋರಿಸುವುವು.